ರೋಮಿನ ಬಲಿಯೂ ಕುಪವಾಡದ ಟಗರೂ

ಒಂದೇ ಪಾಠವನ್ನು ವರ್ಷಗಟ್ಟಲೆ ಹೇಳಿದವನಿಗೆ ಅದು ಪಿತ್ರಾರ್ಜಿತ ಆಸ್ತಿ ಎನಿಸತೊಡಗುತ್ತದೆ. ಸಾಂಗ್ಲಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನನಗೆ ಪ್ರಾಚೀನ ರೋಮ್ ಹಾಗಾಗಿತ್ತು. ಯಾವ ದೇವರಿಗೆ ಬಿಳಿ ಹೋರಿ, ಯಾರಿಗೆ ಕಪ್ಪು ಕುರಿ ಎಂಬುದನ್ನೆಲ್ಲ ಖುದ್ದು ಹಗ್ಗ ಹಿಡಿದು ನಿಂತವನಂತೆ ಹೇಳುತ್ತಿದ್ದೆ. ನಿಜಕ್ಕೂ ಹಗ್ಗ ಹಿಡಿದವನು ನಮ್ಮಪ್ಪ. ಗಡಿಯ ಹಳ್ಳಿಯಲ್ಲಿ ಕುರಿ ಸಾಕಿ ನನ್ನನ್ನು ಓದಿಸಿದವನು.

ದೇಶದ ಬಾಗಿಲು ತೆರೆಯಿತೆಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲದಲ್ಲಿ ನನ್ನ ತಮ್ಮ ಸಾಂಗ್ಲಿ ಪಕ್ಕದ ಕುಪವಾಡದಲ್ಲಿ ಲೇಥ್ ಮಶೀನಿನ ಶೆಡ್ ಹಾಕಿದ. ಮೊದಲ ಆರ್ಡರ್ ಕೈಯಲ್ಲಿತ್ತು, ಆದರೆ ಹರಕೆಯ ಟಗರು ಒಪ್ಪದೆ ಮಶೀನು ಮುಟ್ಟುವಂತಿಲ್ಲ. ನಮ್ಮಲ್ಲಿ ಟಗರಿಗೆ ಭಂಡಾರದ ಅರಿಸಿನ ಹಚ್ಚಿ, ನೀರು ಚಿಮುಕಿಸಿ ಕಾಯುತ್ತಾರೆ. ಅದು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಕೊಡವದಿದ್ದರೆ ಎಲ್ಲವೂ ಮುಂದಿನ ಅಮಾವಾಸ್ಯೆಗೆ. ಅಷ್ಟರಲ್ಲಿ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತಿತ್ತು.

ಅಪ್ಪ ತಲೆ ತುಂಬ ಕಂಬಳಿ ಹೊದ್ದು ಬಂದ. ರೋಮಿನ ಪುರೋಹಿತರೂ ಹೀಗೇ ತಲೆ ಮುಚ್ಚಿಕೊಳ್ಳುತ್ತಿದ್ದರು. ಒಂದಕ್ಷರ ಓದದ ಅಪ್ಪನಿಗೆ ಇದನ್ನು ಯಾರು ಕಲಿಸಿದರೋ, ನನಗಂತೂ ಹೆಮ್ಮೆಯಿಂದ ಎದೆಯುಬ್ಬಿತು. ಎದೆಯುಬ್ಬಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ರೋಮಿನಲ್ಲಿ ಪಶುವಿನ ತಲೆಗೆ ಉಪ್ಪು ಬೆರೆಸಿದ ಹಿಟ್ಟು ಉದುರಿಸುತ್ತಿದ್ದರು, ಅದು ಕಿತ್ತುಕೊಂಡು ಓಡಿದರೆ ಅಪಶಕುನ, ಒಂದು ತಪ್ಪಾದರೂ ಪೂಜೆ ಮೊದಲಿನಿಂದ ಮಾಡಬೇಕು ಎಂದು ನೆರೆದವರಿಗೆ ವಿವರಿಸುತ್ತಲೇ ಹೋದೆ. ಅಪ್ಪ ಮೂರು ಸಲ ನೀರು ಚಿಮುಕಿಸಿದ. ಟಗರು ಅಲುಗದೆ ನನ್ನನ್ನೇ ನೋಡುತ್ತಿತ್ತು. ಅಷ್ಟು ಏಕಾಗ್ರತೆ ನನ್ನ ಯಾವ ವಿದ್ಯಾರ್ಥಿಯಲ್ಲೂ ಕಂಡಿರಲಿಲ್ಲ. ತಮ್ಮ ಮಾತ್ರ ಅಳುವಂತಾಗಿದ್ದ.

ಅಪ್ಪ ನೀರಿನ ಚರಿಗೆ ಕೆಳಗಿಟ್ಟ.

“ಪೂಜಾ ನಡದಾಗ ಅಲ್ಲಿ ಮಂದಿ ಮಾತಾಡ್ತಿದ್ರೇನೋ?”

“ಇಲ್ಲಪ್ಪಾ, ಎಲ್ಲಾರೂ ಬಾಯಿ ಮುಚ್ಚಬೇಕಿತ್ತು. ಕೆಟ್ಟ ಶಬ್ದ ಕಿವಿಗೆ ಬೀಳಬಾರ್ದಂತ ಕೊಳಲ ಸುದ್ದಾ ಊದಸ್ತಿದ್ರು.”

“ಮತ್ತ ನೀ?”

ಬಾಯಿ ಮುಚ್ಚಿದೆ. ಅಪ್ಪ ಮತ್ತೊಮ್ಮೆ ನೀರು ಚಿಮುಕಿಸಿದ. ಟಗರು ಕೊಂಬಿನಿಂದ ಬಾಲದವರೆಗೆ ಮೈ ಕೊಡವಿತು. ನನ್ನ ಇಸ್ತ್ರಿ ಅಂಗಿಯೆಲ್ಲ ಹಳದಿಯಾಯಿತು. ಮಧ್ಯಾಹ್ನದೊಳಗೆ ಮಶೀನು ಚಾಲೂ ಆಯಿತು.

ಊಟಕ್ಕೆ ಕುಳಿತವರಿಗೆಲ್ಲ ಅಪ್ಪ ನನ್ನನ್ನು ತೋರಿಸಿ ಹೇಳುತ್ತ ಹೋದ: “ನಮ್ಮ ಹಿರಿಯಾಂವ ಪ್ರೊಫೆಸರ ಅದಾನ್ರಿ. ಅಂವಾ ಸುಮ್ಮನಾದ್ರ ದೇವರು ಸುದ್ದಾ ಒಪ್ತಾನ.”

ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಇಂದಿಗೂ ಸಿಕ್ಕಿಲ್ಲ. ಯಾರು ಸಿಕ್ಕರೂ ಈ ಮಾತು ಹೇಳುತ್ತೇನೆ, ಸ್ವಲ್ಪ ವಿವರವಾಗಿಯೇ.