'ಅಂತ' ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?

೧. ದಾರಿ

ಕಡಬದ ಕೆರೆ ಏರಿ ಮೇಲೆ ಕಾರು ನಿಲ್ಲಿಸಿ, ಹಸು ಹೊಡ್ಕೊಂಡು ಬರ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: "ಮಾರ್ಕೋನಹಳ್ಳಿಗೆ ಹೆಂಗೆ ಹೋಗೋದು?"

"ಯಾಕೆ?" ಅಂದರು.

ನನಗೆ ಇಂಥದ್ದು ಆಗುತ್ತಲೇ ಇರುತ್ತದೆ. ಎಷ್ಟೋ ದೇಶಗಳ ಗಡಿ ದಾಟಿದ್ದೇನೆ. ಗುಬ್ಬಿ ತಾಲೂಕಿನಷ್ಟು ಕಾರಣ ಯಾರೂ ಕೇಳಿಲ್ಲ.

"ಗೆಳತಿ ಹತ್ರ ಪಂದ್ಯ ಸೋತೆ. ಅವಳ ಮನೇಲಿ ಮುದ್ದೆ ತಿರುವಿಕೊಡೋಣ ಅಂತ ಹೊರಟೆ."

ಅವರು ನನ್ನ ಕೈ ನೋಡಿದರು. "ಹಂಗಾದ್ರೆ ದಾರಿ ತಪ್ಪಿದ್ದೇ ಒಳ್ಳೇದಾಯ್ತು ಬುಡಿ."

೨. ತಲೆನೋವು

ಗೆಳತಿಯ ಮನೆ ಮಾರ್ಕೋನಹಳ್ಳಿ, ಕೊಬ್ಬರಿ ಎಣ್ಣೆ ಗಾಣ ಸತ್ಯಮಂಗಲದಲ್ಲಿ. ಇಂಗ್ಲಿಷೂ ಅಲ್ಲೇ ಆಡಿಸಿದ್ದು. ಕನ್ನಡದಲ್ಲಿ 'ಮಳೆ ಬಂತು ಅಂತ ಉಳಿದೆ', 'ನೋಡೋಣ ಅಂತ ಬಂದೆ'. ಕಾರಣಕ್ಕೂ ಉದ್ದೇಶಕ್ಕೂ ಒಂದೇ 'ಅಂತ' ಸಾಕು. ಇಂಗ್ಲಿಷಲ್ಲಿ ಫಾರ್, ಡ್ಯೂ ಟು, ಬಿಕಾಸ್ ಆಫ್, ಇನ್ ಆರ್ಡರ್ ಟು ಅಂತ ರಾಶಿ. ಅವಳು ಕೈಗೆ ಸಿಕ್ಕಿದ್ದು ಎತ್ಕೊಳ್ಳುತ್ತಾಳೆ.

ಗುಬ್ಬಿಯ ಸೋದರಮಾವನ ಗೃಹಪ್ರವೇಶಕ್ಕೆ ಹೋಗಲಾಗದೆ ಮೆಸೇಜ್ ಹಾಕಿದಳು: 'ನಾಟ್ ಕಮಿಂಗ್ ಫಾರ್ ಹೆಡ್ಏಕ್.'

ಮಾವನ ಉತ್ತರ ತಕ್ಷಣ ಬಂತು: 'ತಲೆನೋವಿಗೆ ಬರೋದು ಬೇಡ ಕಣವ್ವ, ಊಟಕ್ಕೆ ಬಾ.'

೩. ಮದುವೆ

ಮುಂಬೈಯ ದೊಡ್ಡ ಗಿರಾಕಿಗೆ ಎಣ್ಣೆ ತಡವಾಗಿತ್ತು. ಅವನು ಕೈಬಿಟ್ಟರೆ ಗಾಣಕ್ಕೆ ಬೀಗ.

"ಇನ್ ಆರ್ಡರ್ ಟು ಅಂತೇನಾದ್ರೂ ಅಂದ್ಯೋ, ಆರ್ಡರೇ ಹೋಗುತ್ತೆ" ಅಂದೆ.

"ಹೋಗ್ದಿದ್ರೆ?"

"ನಿಮ್ಮನೇಗ್ ಬಂದು ಮುದ್ದೆ ತಿರುವ್ತೀನಿ."

ಫೋನ್ ಬಂತು. ಯಾಕೆ ತಡ ಅಂತ ಗಿರಾಕಿ ಗದರಿದ.

"ಲೇಟ್ ಇನ್ ಆರ್ಡರ್ ಟು ವೆಡ್ಡಿಂಗ್" ಅಂದಳು.

"ಬಿಕಾಸ್ ಆಫ್ ಅನ್ನೇ" ಅಂತ ಪಿಸುಗುಟ್ಟಿದೆ.

"ಸುಮ್ನಿರೇ. ಮದುವೆಯಿಂದ ಗಾಣ ನಿಲ್ಲಲಿಲ್ಲ. ಗಾಣದ ಹುಡುಗೀರು ಜೊತೆ ಕೆಲ್ಸದವಳ ಮದುವೇಲಿ ಇರ್ಲಿ ಅಂತ ನಾನೇ ನಿಲ್ಲಿಸ್ದೆ. ಬಿಕಾಸ್ ಆಫ್ ಅಂದ್ರೆ ಕ್ಷಮೆ ಕೇಳ್ದಂಗಾಯ್ತದೆ. ನಾನ್ಯಾಕೆ ಕೇಳ್ಲಿ?" ಅಂದವಳೇ ಫೋನಿಗೆ, "ಐ ಸ್ಟಾಪ್. ಮೀ. ಓನರ್" ಅಂದಳು.

ಗಿರಾಕಿ ನಕ್ಕು ಇಂಗ್ಲಿಷಲ್ಲಿ ಹೇಳಿದ: "ಎಲ್ಲರೂ ಮಳೆ, ಟ್ರಾಫಿಕ್ಕು ಅಂತ ಸುಳ್ಳು ಹೇಳ್ತಾರೆ ಮೇಡಂ. ಮುಂದಿನ ವಾರ ಕಳಿಸಿ. ಇನ್ನು ಬೇರೆ ಮದುವೆ ಇಲ್ಲ ತಾನೆ?"

೪. ಮುದ್ದೆ

ಅಂತೂ ಕುಣಿಗಲ್ ಸುತ್ತಿ ಮಾರ್ಕೋನಹಳ್ಳಿ ಮುಟ್ಟಿದೆ. ಒಲೆ ಮುಂದೆ ಬೆವರು ಸುರಿಸಿ ಮುದ್ದೆ ತಿರುವಿ ಬಡಿಸಿದೆ. ಗೆಳತಿ ಮುರಿದು ನೋಡಿದಳು. ಒಳಗೆಲ್ಲ ಹಸಿ ಹಿಟ್ಟಿನ ಗಂಟು.

"ಇದ್ಯಾಕೇ ಹಿಂಗೆ? ಬಿಕಾಸ್ ಆಫ್ ಏನು?"

ಕ್ಷಮೆ ಕೇಳೋ ಪೈಕಿ ನಾನೂ ಅಲ್ಲ.

"ಬಿಕಾಸ್ ಆಫ್ ಅಲ್ಲ, ಇನ್ ಆರ್ಡರ್ ಟು" ಅಂದೆ. "ಬೇಕಂತಲೇ ಮಾಡಿದ್ದು. ಸಾಲ ತೀರ್ತು, ನುಂಗು."