ಖರೇ ಸ್ಟೀಲಿನ ತಾಟು

ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ದೊಡ್ಡ ವಿದ್ಯೆ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿತು ನಾನು ಸವಣೂರಿನಲ್ಲಿ ವಿಜ್ಞಾನದ ಮಾಸ್ತರನಾದೆ. ಅರವತ್ತರ ದಶಕದಲ್ಲಿ ನಮ್ಮ ಕಡೆ ಸ್ಟೀಲ್ ಪಾತ್ರೆಗಳು ಇನ್ನೂ ಹೊಸವು. ಹತ್ತಿಮತ್ತೂರಿಗೆ ಕೊಟ್ಟಿದ್ದ ತಂಗಿ ಗಂಗವ್ವನ ಸೀಮಂತಕ್ಕೆ, ಅಂದರೆ ನಮ್ಮ ಕಡೆಯ ಕುಬಸಕ್ಕೆ, ಹುಬ್ಬಳ್ಳಿಯಿಂದ ಒಂದು ಸ್ಟೀಲ್ ತಾಟು ತರಿಸಿದೆ. ಕುಬಸ ಮುಗಿಸಿ, ಚೊಚ್ಚಲ ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಬೇಕಿತ್ತು. ಅವ್ವ ಆಗಲೇ ಖೋಲಿ ಸಾರಿಸಿ ಕಾದಿದ್ದಳು.

ತಾಟು ಕೊಟ್ಟು ಉಂಡು ಏಳಬಹುದಿತ್ತು. ಬೀಗರ ಮುಂದೆ ನನ್ನ ಮಾಸ್ತರಿಕೆ ಎದ್ದು ಕೂತಿತು. ಜೇಬಿನಿಂದ ಚುಂಬಕ ತೆಗೆದು, “ಖರೇ ಸ್ಟೀಲಿಗೆ ಇದು ಅಂಟೂದಿಲ್ಲ, ನೋಡ್ರಿ” ಎಂದು ತಾಟಿನ ನಡುವೆ ಇಟ್ಟು ಎತ್ತಿದೆ. ಅಂಟಲಿಲ್ಲ. ಗಂಗವ್ವನ ಅತ್ತೆ ಚುಂಬಕ ಇಸಿದುಕೊಂಡು ತಾಟಿನ ಕಂಠಕ್ಕೆ, ಮಡಚಿದ ಅಂಚಿಗೆ, ಹಿಡಿದರು. ಅಲ್ಲಿ ಟಕ್ಕನೆ ಕಚ್ಚಿಕೊಂಡಿತು.

“ನಡಕ ಸ್ಟೀಲು, ಕಂಠಕ್ಕ ಕಬ್ಬಣೇನ್ರಿ ಮಾಸ್ತರ? ಮೊದಲ ಖರೇ ತಾಟು ತರ್ರಿ, ಆಮ್ಯಾಲೆ ತಂಗೀನ ಕರ್ಕೊಂಡು ಹೋಗ್ರಿ,” ಎಂದರು.

ತಾಟು ಖರೇದೇ. ತೆಳು ತಗಡಿನ ಅಂಚನ್ನು ಬಡಿದು ಮಡಚಿದಾಗ ಆ ಮಿಶ್ರಲೋಹದ ಒಳಗಿನ ಜೋಡಣೆ ಬದಲಾಗಿ, ಅಷ್ಟು ಜಾಗಕ್ಕೆ ಮಾತ್ರ ಚುಂಬಕ ಹತ್ತುತ್ತದೆ. ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮತ್ತೆ ಬಿಡುತ್ತದೆ. ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಹಿತ್ತಾಳೆ ತಾಟು ಕೊಟ್ಟು ಕೈಮುಗಿದಿದ್ದರೆ ಜಗಳ ಮುಗಿಯುತ್ತಿತ್ತು. ಆದರೆ ಖರೇದನ್ನು ಖೊಟ್ಟಿ ಎಂದು ಒಪ್ಪುವುದು ಹೇಗೆ? ಸವಣೂರಿಗೆ ಮರಳಿ ಕಮ್ಮಾರನ ಕುಲುಮೆಯಲ್ಲಿ ತಾಟು ಕಾಯಿಸಿದೆ. ಚುಂಬಕ ಎಲ್ಲೂ ಅಂಟಲಿಲ್ಲ. ವಿಜ್ಞಾನ ಗೆದ್ದಿತು, ತಾಟು ಮಾತ್ರ ರೊಟ್ಟಿ ಹಂಚಿನ ಹಾಗೆ ಕರ್ರಗಾಯಿತು.

ಶಾಲೆಗೆ ರಜೆ ಸಿಗುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಅದನ್ನೇ ಒಯ್ದು ಬೀಗರ ಮುಂದಿಟ್ಟೆ. ಅತ್ತೆ ಸುತ್ತಲೂ ಚುಂಬಕ ಆಡಿಸಿ, “ಅಂಟೂದಿಲ್ಲ, ಖರೇ,” ಎಂದರು. ನನ್ನ ಎದೆ ಉಬ್ಬಿತು. “ಆದ್ರ ಆವತ್ತಿಂದು ಬೆಳ್ಳಗಿತ್ತಲ್ರೀ? ಹಂಚು ತಂದು ತಾಟು ಅಂತೀರಿ? ಇರ್ಲಿ ಬಿಡ್ರಿ. ಈಗ ದಿನಾ ತುಂಬ್ಯಾವ, ಚಕ್ಕಡ್ಯಾಗ ಕಳಸಾಕ ಬರೂದಿಲ್ಲ.”

ಗಂಗವ್ವ ಬಾಗಿಲ ತನಕ ಬಂದಳು. “ಅಣ್ಣಾ, ತಾಟು ಖರೇದು ಅಂತ ನನಗ ಗೊತ್ತೈತಿ. ನನಗ ಅವ್ವ ಬೇಕಾಗಿದ್ಲು,” ಎಂದಳು. ನಾನು ಒಬ್ಬನೇ ಸವಣೂರಿಗೆ ಮರಳಿದೆ.

ಕೂಸು ಅಲ್ಲೇ ಹುಟ್ಟಿತು. ಅವ್ವ ಸಾರಿಸಿದ ಖೋಲಿಗೆ ಬೀಗ ಹಾಕಿದಳು. ಅಂದಿನಿಂದ ಊಟಕ್ಕೆ ನನ್ನ ಮುಂದೆ ಎಲೆಯ ಪತ್ರಾವಳಿಯನ್ನೇ ಇಡುತ್ತಾಳೆ. ಯಾಕೆಂದು ಕೇಳಿದ್ದಕ್ಕೆ, “ಇದನ್ನ ಪರೀಕ್ಷಾ ಮಾಡಾಕ ಬರೂದಿಲ್ಲ. ಸುಮ್ನ ಉಣ್ಣು,” ಎಂದಳು. ಸುಮ್ಮನೆ ಉಣ್ಣುತ್ತಿದ್ದೇನೆ.