ಮಾವ ಹೊಲಿದ ಗವಿ

ಕಲ್ಲಿನ ಗವಿಗೆ ಅಂಗಿಗೆ ತೆಗೆದ ಹಾಗೆ ಅಳತೆ ತೆಗೆದು, ಟ್ರಯಲ್ ನೋಡಿ, ಭುಜದ ಹತ್ತಿರ ಸ್ವಲ್ಪ ಲೂಸು ಬಿಟ್ಟ ಮನುಷ್ಯ ಇಡೀ ಬೆಂಗಳೂರಿನಲ್ಲಿ ನಮ್ಮ ಸೋದರಮಾವ ಒಬ್ಬರೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಇನ್ನೊಬ್ಬರು ಇದ್ದರೆ ದಯವಿಟ್ಟು ತಿಳಿಸಬೇಡಿ. ಒಬ್ಬರಿಗೆ ಕಲ್ಲು ಹೊತ್ತೇ ನನ್ನ ಸೊಂಟ ಹೋಗಿದೆ!

ಮಾವ ನಮ್ಮಮ್ಮನ ಅಣ್ಣ. ಯಲಹಂಕದ ಹಳೇ ಪೇಟೆಯಲ್ಲಿ ನಲವತ್ತು ವರ್ಷ ಟೈಲರ್ ಆಗಿದ್ದವರು. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಅವರ ಅಂಗಡಿ ಮುಚ್ಚಿತು. ಆದರೆ ಕೊರಳಿನ ಟೇಪು ಮಾತ್ರ ಕೆಳಗಿಳಿಯಲಿಲ್ಲ. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ, ಅತ್ತೆಯನ್ನೇ ಕೇಳಬೇಕು. ಮದುವೆಗೆ ಹೋದರೆ ಅಕ್ಷತೆ ಹಾಕುವಾಗ ನನ್ನ ಕಿವಿಯಲ್ಲಿ, "ಮದುಮಗನ ಎಡಗೈ ಅರ್ಧ ಇಂಚು ಉದ್ದ ಕಣೋ, ಕೋಟು ಹೊಲ್ದೋನು ನೋಡೇ ಇಲ್ಲ" ಎನ್ನುತ್ತಾರೆ. ಪಡವಲಕಾಯಿಯನ್ನೂ ಟೇಪು ಹಿಡಿದೇ ಆರಿಸುತ್ತಾರೆ. ಇಂಥವರ ಕೈಗೆ ಗವಿಯೊಂದು ಹೇಗೆ ಸಿಕ್ಕಿತು? ಅದಕ್ಕೆ ಕಾರಣ ನಾನೇ. ಸರಿಯಾಗಿ ಹೇಳಬೇಕೆಂದರೆ, ನನ್ನ ಎಂ.ಎ.

ನನ್ನ ಅಪ್ಪ ಹೋದಾಗ ನನಗೆ ಏಳು ವರ್ಷ. ಅಪ್ಪನದೆಂದು ನನ್ನ ಬಳಿ ಇರುವುದು ಒಂದೇ ಒಂದು ನೆನಪು. ರಾಜಾನುಕುಂಟೆಯ ಆಚೆ ಎಲ್ಲೋ ಒಂದು ದೊಡ್ಡ ಬಂಡೆ. ಬಂಡೆಯಲ್ಲಿ ಒಂದು ಗವಿ. ಅಪ್ಪ ಬಗ್ಗಿ ಒಳಗೆ ಹೋದರು, ನಾನು ನೆಟ್ಟಗೆ ನಡೆದು ಹೋದೆ. ಒಳಗೆ ತಂಪು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದೆವು. ಅಷ್ಟೇ. ಅಮ್ಮನನ್ನು ಕೇಳಿದರೆ, "ಮೂರು ಪಾಳಿ ಫ್ಯಾಕ್ಟರಿ ಕೆಲಸ. ನಿಮ್ಮಪ್ಪಂಗೆ ಗವಿಗೆ ಹೋಗೋಕೆ ಎಲ್ಲಿತ್ತೋ ಪುರುಸೊತ್ತು? ಕನಸು ಕಂಡಿರ್ತೀಯ" ಎನ್ನುತ್ತಿದ್ದರು. ಹೋಗಿ ನೋಡೋಣವೆಂದರೆ ಆ ಬಂಡೆ ಇದ್ದಿರಬಹುದಾದ ಜಾಗದಲ್ಲೆಲ್ಲ ಜಲ್ಲಿ ಕ್ರಷರು, ಅದರ ಪಕ್ಕ ಹೊಸ ಲೇಔಟು. ನಾನು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದ್ದೇ ತಪ್ಪಾಯಿತೋ ಏನೋ! ನೆನಪು ಎಂಬುದು ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಬರೆಯುವ ಚಿತ್ರ ಎಂದು ಅಲ್ಲಿ ಕಲಿತೆ. ಕಲಿತದ್ದನ್ನು ಮೊದಲು ಪ್ರಯೋಗ ಮಾಡಿದ್ದು ನನ್ನ ಮೇಲೆಯೇ.

ಏರ್‌ಪೋರ್ಟ್ ರಸ್ತೆಯ ಉದ್ದಕ್ಕೂ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ಒಂದು ಭಾನುವಾರ ಮಾವನ ಮನೆಯಲ್ಲಿ ಮುದ್ದೆ ಊಟ ಮಾಡುತ್ತಾ ನಾನು ಭಾಷಣ ಬಿಗಿದೆ. "ಆ ಗವಿ ಇರಲೇ ಇಲ್ಲ ಮಾವ. ಅಪ್ಪನ ನೆನಪು ಬೇಕು ಅಂತ ನನ್ನ ಮೆದುಳೇ ಕಟ್ಟಿಕೊಂಡಿರೋದು. ಇದಕ್ಕೆ ಸುಳ್ಳು ನೆನಪು ಅಂತಾರೆ."

ಅತ್ತೆ ಸಾರು ಬಡಿಸುವುದನ್ನು ನಿಲ್ಲಿಸಿದರು. ಮಾವ ಮುದ್ದೆ ನುಂಗಿ, ನೀರು ಕುಡಿದು, ಒಂದೇ ಪ್ರಶ್ನೆ ಕೇಳಿದರು.

"ಬಾಗಿಲು ಎಷ್ಟೆತ್ತರ ಇತ್ತೋ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು! ಮುಂದಿನ ಭಾನುವಾರ ಹೋಗಿ ನೋಡಿದರೆ, ಹಿತ್ತಲಿನ ಹೊಂಗೆ ಮರದ ಕೆಳಗೆ ಅತ್ತೆ ಬಟ್ಟೆ ಒಗೆಯುವ ಕಲ್ಲು ಮಾಯವಾಗಿತ್ತು. ಅಲ್ಲಿ ಮಾವ ಟೈಲರ್ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು.

"ಸೆಕೆ ಕಣೋ. ಒಂದು ಗವಿ ಮಾಡ್ಕೋತೀನಿ, ತಂಪಾಗಿ ಕೂತ್ಕೊಳ್ಳೋಕೆ" ಎಂದರು ಮಾವ.

"ಊರವರೆಲ್ಲ ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಡ್ತಾರೆ. ಇವರು ಗವಿ ಕಟ್ತಾರಂತೆ! ಯಾರಿಗ್ರೀ ಬಾಡಿಗೆ, ಕರಡಿಗಾ?" ಎಂದರು ಅತ್ತೆ.

"ಕರಡಿಗೆ ಕೊಡಲ್ಲ ಕಣೇ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿದಾಗ ಎಬ್ಬಿಸೋದು ಕಷ್ಟ."

ಕಲ್ಲು ತರುವ ಕೆಲಸ ನನಗೆ ಬಂತು. ತಣಿಸಂದ್ರದ ಕಡೆ ಅಪಾರ್ಟ್‌ಮೆಂಟಿಗಾಗಿ ಹಳೇ ಮನೆಗಳನ್ನು ಕೆಡವುತ್ತಿದ್ದರು. ಚಪ್ಪಡಿ, ಸೈಜುಗಲ್ಲು ರಾಶಿ ಬಿದ್ದಿರುತ್ತಿತ್ತು. ನನ್ನ ಸ್ಕೂಟರಿನ ಹಿಂದೆ ಕೂತು ಮಾವ ರಾಶಿಯಿಂದ ರಾಶಿಗೆ ಹೋಗಿ ಕಲ್ಲಿಗೆ ಟೇಪು ಹಿಡಿಯುತ್ತಿದ್ದರು. "ಇದು ಕಾಲರ್‌ಗೆ. ಇದು ತೋಳಿಗೆ. ಇದು ಬೇಡ, ಒಗೆದ್ರೆ ಕುಗ್ಗುತ್ತೆ." ಕೆಡವುವವರು ಗುದ್ದಲಿ ಬಿಟ್ಟು ನಿಂತು ನೋಡುತ್ತಿದ್ದರು. ನನಗೆ ಅವಮಾನ! ಹೆಲ್ಮೆಟ್ಟು ತೆಗೆಯದೆಯೇ ನಿಂತಿರುತ್ತಿದ್ದೆ.

ಕಟ್ಟಲು ರಾಜಾನುಕುಂಟೆ ಕಡೆಯ ಒಬ್ಬ ಮೇಸ್ತ್ರಿ ಬಂದರು. ಕಲ್ಲಿನ ಕೆಲಸದಲ್ಲೇ ತಲೆ ನೆರೆದವರು. ಅವರ ಕೈಗೆ ಮಾವ ಒಂದು ಕಟ್ಟು ಹಳೇ ಪೇಪರ್ ಕೊಟ್ಟರು. ಒಂದೊಂದು ಕಲ್ಲಿಗೂ ಒಂದೊಂದು ಪೇಪರ್ ಕತ್ತರಿಸಿ, ನಂಬರ್ ಬರೆದು, ಗುಂಡುಪಿನ್ನು ಚುಚ್ಚಿದ್ದರು. ಮೇಸ್ತ್ರಿ ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಯಜಮಾನ್ರೇ, ಇಂಗೆ ಕತ್ತರಿಸಿದ ಮ್ಯಾಕೆ ಕಲ್ಲಿಗೆ ಇಸ್ತ್ರೀನೂ ಮಾಡ್ಕೊಡಾನಾ?"

"ಇಸ್ತ್ರೀ ಬೇಡ. ಕಾಜ ಮಾತ್ರ ಚೆನ್ನಾಗಿ ಮಾಡಪ್ಪ" ಎಂದರು ಮಾವ. ಕಾಜ ಎಂದರೆ ಗುಂಡಿ ಹಾಕುವ ತೂತು. ಇಲ್ಲಿ ಅದು ಬೆಳಕು ಬರುವ ಸಂದಿ.

ಈ ಸಂದಿಯಿಂದಲೇ ನನಗೆ ಕಾಟ ಶುರುವಾಯಿತು. ಹೋದಾಗಲೆಲ್ಲ ಪ್ರಶ್ನೆ. ಬೆಳಕು ಯಾವ ಕಡೆಯಿಂದ ಬರ್ತಿತ್ತು? ನೀರು ತಲೆ ಮೇಲೆ ಬೀಳ್ತಿತ್ತಾ, ಪಕ್ಕದಲ್ಲಾ? ಬಾಗಿಲು ಆಗಿನ ನನ್ನ ತಲೆಗಿಂತ ಒಂದು ಗೇಣು ಮೇಲೆ ಎಂದು ಕೇಳಿದಾಗಲೆಲ್ಲ ಹೇಳಿದೆ. ಬೆಳಕು ಮಾತ್ರ ಒಂದು ವಾರ ಎಡ ಎಂದೆ, ಇನ್ನೊಂದು ವಾರ ಬಲ ಎಂದೆ.

"ಹೋದ ವಾರ ಎಡಗಡೆ ಅಂದ್ಯಲ್ಲೋ?"

"ಅದನ್ನೇ ನಾನು ಹೇಳ್ತಿರೋದು ಮಾವ! ನನ್ನ ನೆನಪನ್ನ ನಂಬಬೇಡಿ."

"ಸರಿ ಬಿಡು. ಎರಡೂ ಕಡೆ ಸಂದಿ ಇಡಿಸ್ತೀನಿ. ಬೇಡದ್ದನ್ನ ಆಮೇಲೆ ಹೊಲ್ದುಬಿಟ್ರಾಯ್ತು."

ಈಗ ನಿಜ ಹೇಳುತ್ತೇನೆ. ನನಗೆ ಸಿಟ್ಟು ಬಂದಿತ್ತು. ಅಪ್ಪನದೆಂದು ನನ್ನಲ್ಲಿದ್ದ ಒಂದೇ ಒಂದನ್ನು ಸುಳ್ಳೆಂದು ಒಪ್ಪಿಕೊಳ್ಳಲು ನನಗೆ ವರ್ಷಗಟ್ಟಲೆ ಹಿಡಿದಿತ್ತು. ಈ ಮನುಷ್ಯ ಅದನ್ನು ಹಿತ್ತಲಲ್ಲಿ ಆಟದ ಸಾಮಾನು ಮಾಡುತ್ತಿದ್ದಾರಲ್ಲ ಎನಿಸುತ್ತಿತ್ತು. ಆದರೂ ಭಾನುವಾರ ಬಂದರೆ ಹೋಗುತ್ತಿದ್ದೆ. ಅತ್ತೆಯ ಮುದ್ದೆಗೋಸ್ಕರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೊದಲ ಟ್ರಯಲ್ಲಿನ ದಿನ ಬಂತು. "ನುಗ್ಗು ಒಳಗೆ" ಎಂದರು ಮಾವ. ನುಗ್ಗಿದೆ. ಭುಜದವರೆಗೆ ಹೋದೆ. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ! ತಲೆ ಗವಿಯಲ್ಲಿ, ಕಾಲು ಯಲಹಂಕದಲ್ಲಿ. ಹಿಂದಿನಿಂದ ಅತ್ತೆಯ ದನಿ ಕೇಳಿತು. "ಅಯ್ಯೋ, ಸೂಲಗಿತ್ತೀನ ಕರೀರಿ ಯಾರಾದ್ರೂ!" ಮೇಸ್ತ್ರಿ ಎರಡು ಕಲ್ಲು ಕಿತ್ತು ನನಗೆ ಪುನರ್ಜನ್ಮ ಕೊಟ್ಟರು. ಮಾವ ನನ್ನ ತರಚಿದ ಭುಜಕ್ಕೆ ಅರಿಶಿನ ಹಚ್ಚದೆ ಟೇಪು ಹಚ್ಚಿದರು. ಆಮೇಲೆ ಹಣೆ ಚಚ್ಚಿಕೊಂಡರು. "ತಪ್ಪು ನಂದೇ. ನಿನ್ನ ಮೂರನೇ ವರ್ಷದ ಹಬ್ಬದ ಚಡ್ಡಿ ಅಳತೆ ನೋಡ್ಬಿಟ್ಟಿದೀನಿ. ಪುಟ ತಪ್ಪಿತು." ಯಾವ ಚಡ್ಡಿ, ಯಾವ ಪುಟ? ಕೇಳುವ ತಾಳ್ಮೆ ನನಗಿರಲಿಲ್ಲ.

ಬಾಗಿಲು ಬಿಚ್ಚಿ ಮತ್ತೆ ಕಟ್ಟಿದ್ದಾಯಿತು. ಮೇಲೆ ಬಸಳೆ ಹಬ್ಬಿತು, ಸಂದಿಗಳಲ್ಲಿ ಜರಿಗಿಡ ಎದ್ದಿತು. ಹೊಂಗೆಯ ನೆರಳಲ್ಲಿ ಗವಿ ನಿಜಕ್ಕೂ ಗವಿಯಂತೆ ಕಂಡದ್ದೇ ತಪ್ಪಾಯಿತು. ಒಂದು ಶುಕ್ರವಾರ ಬೆಳಿಗ್ಗೆ ಬಾಗಿಲ ಕಲ್ಲಿಗೆ ಅರಿಶಿನ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ! ಮರುವಾರ ಪಕ್ಕದ ಬೀದಿಯ ಇಬ್ಬರು ಹೆಂಗಸರು ಬಂದು, "ಅಮ್ಮನೋರು ಯಾವಾಗ ಉದ್ಭವ ಆದ್ರು?" ಎಂದು ವಿಚಾರಿಸಿದರು. ಅತ್ತೆ ಕಾಯಿ ಹೋಳನ್ನು ಚಟ್ನಿಗೆ ಎತ್ತಿಕೊಂಡರು. ಮಾವ ರಟ್ಟಿನ ಮೇಲೆ ಬರೆದು ತೂಗುಹಾಕಿದರು: "ಇಲ್ಲಿ ದೇವರಿಲ್ಲ. ನೆರಳಿದೆ." ಅದರ ಮರುದಿನ ಯಾರೋ ಆ ರಟ್ಟಿಗೂ ಕುಂಕುಮ ಹಚ್ಚಿ ಹೋಗಿದ್ದರು.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಮಾವ ಫೋನ್ ಮಾಡಿದರು. "ಬಾರೋ, ಫೈನಲ್ ಟ್ರಯಲ್." ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದು ಹೋದೆ. ಬಗ್ಗಿ ಒಳಗೆ ಕಾಲಿಟ್ಟೆ. ತಂಪು ಎಂದರೆ ತಂಪು. ಮೂಲೆಯಲ್ಲಿ ಒಂದು ಮಡಕೆ ತೂಗುಹಾಕಿ, ತಳದ ತೂತಿಗೆ ಬತ್ತಿ ಸಿಕ್ಕಿಸಿದ್ದರು. ತೊಟ್ಟು ತೊಟ್ಟಾಗಿ ನೀರು ಕಲ್ಲಿನ ಮೇಲೆ ಬೀಳುತ್ತಿತ್ತು. ಗೋಡೆಯಲ್ಲಿ ಬೆನ್ನು ಒರಗಿಸಲು ಎರಡು ತಗ್ಗುಗಳಿದ್ದವು, ಒಂದು ಚಿಕ್ಕದು, ಒಂದು ದೊಡ್ಡದು. ನಾನು ಹೋಗಿ ಚಿಕ್ಕದಕ್ಕೆ ಒರಗಿದೆ. ಹಿಡಿಯಲಿಲ್ಲ.

"ಅದಲ್ಲ ಕಣೋ. ಅದು ನಿಂದೇ, ಆದ್ರೆ ಆರನೇ ವರ್ಷದ್ದು. ಈ ಕಡೆ ಕೂತ್ಕೋ."

ಕೂತೆ. ಬೆನ್ನು ಕಲ್ಲಿನೊಳಗೆ ಹೋಗಿ ಕೂತಿತು. ಮಾವ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕಂಕುಳಿನಿಂದ ಒಂದು ಪುಸ್ತಕ ತೆಗೆದರು. ಅಂಗಡಿಯ ಹಳೇ ಅಳತೆ ಪುಸ್ತಕ. ಅಂಚೆಲ್ಲ ಇಲಿ ತಿಂದಿದೆ. ಒಂದು ಪುಟದಲ್ಲಿ ನನ್ನ ಒಂದನೇ ಕ್ಲಾಸಿನ ಯೂನಿಫಾರಂ, ಅದರ ಕೆಳಗೇ ಅಪ್ಪನ ಹೆಸರು. ಎದೆ ಮೂವತ್ತೆಂಟು. ಭುಜ ಹದಿನೇಳೂವರೆ. ಪ್ಯಾಂಟಿನ ಉದ್ದ ನಲವತ್ತೊಂದು. ಅಪ್ಪ ಹೊಲಿಸಿದ ಕೊನೆಯ ಜೊತೆ ಬಟ್ಟೆ.

ನಾನು ಪುಸ್ತಕವನ್ನು ಹತ್ತಿರ ಎಳೆದುಕೊಂಡೆ. "ಮಾವ, ಹಾಗಾದ್ರೆ ನಾವು ಹೋಗಿದ್ದು ನಿಜಾನಾ?"

"ನಾನು ಜೊತೇಲಿ ಇರ್ಲಿಲ್ವಲ್ಲೋ, ಹೆಂಗೆ ಹೇಳ್ಲಿ? ನಂಗೆ ಗೊತ್ತಿರೋದು ಅಳತೆ ಒಂದೇ." ಪುಟದ ಮೇಲೆ ಬೆರಳಿಟ್ಟರು. "ಬಾಗಿಲು ನಿನ್ನ ತಲೆಗಿಂತ ಒಂದು ಗೇಣು ಮೇಲೆ ಅಂದೆ. ಲೆಕ್ಕ ಹಾಕ್ದೆ. ಆ ಬಾಗಿಲಲ್ಲಿ ಆ ಪ್ಯಾಂಟು ಆ ಷರಟು ಹಾಕಿರೋ ಮನುಷ್ಯ ಬಗ್ಗಲೇಬೇಕು. ಆ ಚಡ್ಡಿ ಹಾಕಿರೋ ಹುಡುಗ ನೆಟ್ಟಗೆ ಹೋಗ್ಬಹುದು. ಎಡ ಬಲ ಎಲ್ಲ ನೀನು ಬದಲಾಯಿಸ್ದೆ. ಇದೊಂದನ್ನ ಯಾವತ್ತೂ ಬದಲಾಯಿಸ್ಲಿಲ್ಲ. ಅಳತೆ ಕೂತಿದೆ ಕಣೋ. ಸುಳ್ಳಾಗಿದ್ರೆ ಹೊಲಿಗೆ ಎಲ್ಲಾದ್ರೂ ಎಳೀತಿತ್ತು."

ನನ್ನ ಮೇಷ್ಟರುಗಳು ಇದನ್ನು ಸಾಕ್ಷ್ಯ ಎಂದು ಒಪ್ಪುವುದಿಲ್ಲ. ನಾನೂ ಒಪ್ಪುತ್ತಿರಲಿಲ್ಲ. ಆದರೆ ಬಿಸಿಲಲ್ಲಿ ಕಲ್ಲು ಆರಿಸಿ, ಪೇಪರ್ ಕತ್ತರಿಸಿ, ನನ್ನ ಒಂದು ಅನುಮಾನಕ್ಕೆ ಇಷ್ಟು ತಾಳ್ಮೆಯಿಂದ ಅಳತೆ ತೆಗೆದವರು ಇನ್ನು ಯಾರಿದ್ದಾರೆ?

"ಭುಜ ಸ್ವಲ್ಪ ಲೂಸಿದೆ ಮಾವ" ಎಂದೆ.

"ಅರ್ಧ ಇಂಚು. ನಿಮ್ಮಪ್ಪ ನಿನಗಿಂತ ಅಗಲ. ಇರ್ಲಿ ಬಿಡು" ಎಂದು ಅವರು ಚಹಾ ತರಲು ಎದ್ದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಈಗಲೂ ಕಣ್ಣು ಮುಚ್ಚಿದರೆ ಆ ಬಂಡೆಯ ಗವಿ ಕಾಣುತ್ತದೆ. ನೀರು ತೊಟ್ಟಿಕ್ಕುತ್ತದೆ, ಅಪ್ಪ ಪಕ್ಕದಲ್ಲಿದ್ದಾರೆ, ನನಗೆ ಆರು ವರ್ಷ. ಬಾಗಿಲಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಮಾವ ಕೂತಿರುತ್ತಾರೆ. ಮಾವ ಅಲ್ಲಿರಲಿಲ್ಲ. ಇದಂತೂ ಖಂಡಿತ ಸುಳ್ಳು ನೆನಪು, ನನ್ನ ಎಂ.ಎ. ಮೇಲೆ ಆಣೆ. ಆದರೆ ತಿದ್ದಲು ಹೋಗಿಲ್ಲ.